ನಾಲ್ಕನೇ ಬಟ್ಟಲು

"ಇದು ಒಂದ್ಸಲ ಕರಗಿ ಮತ್ತೆ ಗಟ್ಟಿಯಾದ ಐಸ್‌ಕ್ರೀಮ್. ವಾಪಸ್ ತಗೊಂಡು ಹೋಗಿ."

ಹಾಗೆ ಹೇಳಿ ಸುಷ್ಮಾ ದೊಡ್ಡ ಡಬ್ಬವನ್ನು ವ್ಯಾನಿನ ಸೀಟಿನ ಮೇಲೆ ಇಟ್ಟೇಬಿಟ್ಟಳು. ಸ್ಟೀರಿಂಗ್ ಹಿಡಿದು ಕೂತಿದ್ದವನು ಕೂಲಿಂಗ್ ಗ್ಲಾಸ್ ತೆಗೆದು ಅವಳನ್ನು ನೋಡಿದ. ಜೋಗದ ಕಾಲೊನಿಯ ಅಂಗಡಿ ಮುಂದೆ ಏಪ್ರಿಲ್ ಬಿಸಿಲು ನೆತ್ತಿ ಸುಡುತ್ತಿತ್ತು.

"ನೋಡಿದ್ರೇ ಗೊತ್ತಾಗುತ್ತಾ ನಿಮ್ಗೆ?"

"ತಿಂದ್ರೆ ಗೊತ್ತಾಗುತ್ತೆ. ನಾಲಿಗೆಗೆ ಐಸಿನ ಹರಳು ಸಿಗುತ್ತೆ. ನೀವೇ ತಿನ್ನಿ."

ಅವಳು ಚಾಚಿದ ಚಮಚವನ್ನು ಅವನು ತೆಗೆದುಕೊಂಡು ತಿಂದ. ಹಲ್ಲಿನಡಿ ಕರಕರ ಅಂದಿತು. ಕಿವಿಯವರೆಗೂ ಕೆಂಪಾದ. ಸೊಂಟಕ್ಕೆ ಕೈಕೊಟ್ಟು ಜಗಳಕ್ಕೇ ಸಿದ್ಧವಾಗಿ ನಿಂತಿದ್ದ ಸುಷ್ಮಾಗೆ ಸಿಕ್ಕಿದ್ದು ಮಾತ್ರ ಅವನ ನಗು.

"ಹೊಸನಗರದ ಹತ್ರ ಟಯರ್ ಪಂಕ್ಚರ್ ಆಯ್ತು, ಫ್ರೀಜರ್ರೂ ಕೈಕೊಡ್ತು. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ. ತಪ್ಪಾಯ್ತು ಮಾರಾಯ್ತಿ."

"ಮಾರಾಯ್ತಿ ಅನ್ನೋಷ್ಟು ಪರಿಚಯ ಆಗಿಲ್ಲ ನಮ್ದು."

"ಆಗುತ್ತೆ ಬಿಡಿ."

ಆಯಿತು. ಅವನ ಹೆಸರು ತೀರ್ಥೇಶ್. ತೀರ್ಥಹಳ್ಳಿಯಲ್ಲಿ ಗದ್ದೆ, ತೋಟ, ಹೆಸರು ಎಲ್ಲವೂ ಇದ್ದ ಮನೆಯವನು. ಅಪ್ಪನ ಮಾತು ಕೇಳದೆ ಐಸ್‌ಕ್ರೀಮ್ ಏಜೆನ್ಸಿ ತೆಗೆದುಕೊಂಡು, ಪ್ರತಿ ಬುಧವಾರ ಹೊಸನಗರ, ಸಾಗರ ದಾಟಿ ಜೋಗದವರೆಗೆ ತಾನೇ ವ್ಯಾನ್ ಓಡಿಸುತ್ತಿದ್ದ. ಸುಷ್ಮಾ ಪವರ್‌ಹೌಸಿನಲ್ಲಿ ದುಡಿದು ರಿಟೈರ್ ಆದ ಮಂಜುನಾಥಪ್ಪನ ಒಬ್ಬಳೇ ಮಗಳು, ಸ್ಕೂಲ್ ಟೀಚರ್. ಬೇಸಿಗೆ ರಜೆಯಲ್ಲಿ ಕಾಲೊನಿ ಮಕ್ಕಳಿಗೆ ಒಲೆ ಹಚ್ಚದ ಅಡುಗೆ ಕಲಿಸುತ್ತಿದ್ದಳು.

ಅವಳ ಅಡುಗೆಗೆ ಬೇಕಾದದ್ದು ಅಂಗಡಿಯ ವೆನಿಲ್ಲಾ ಐಸ್‌ಕ್ರೀಮ್ ಒಂದೇ. ಉಳಿದದ್ದೆಲ್ಲ ಮನೆಯಲ್ಲೇ ಇರುತ್ತಿತ್ತು. ಮುರುಗಲು ಶರಬತ್ತಿನ ಲೋಟಕ್ಕೆ ಒಂದು ಉಂಡೆ ಐಸ್‌ಕ್ರೀಮ್ ಬಿಟ್ಟರೆ ಗುಲಾಬಿ ನೊರೆ ಉಕ್ಕುತ್ತಿತ್ತು. ಎರಡು ಗ್ಲೂಕೋಸ್ ಬಿಸ್ಕತ್ತಿನ ನಡುವೆ ಒತ್ತಿ ಫ್ರೀಜರಿಗೆ ಇಟ್ಟರೆ ಸಾಯಂಕಾಲಕ್ಕೆ ಸ್ಯಾಂಡ್‌ವಿಚ್. ಕಳಿತ ಏಲಕ್ಕಿ ಬಾಳೆ ಕಿವುಚಿ ಬೆರೆಸಿದರೆ ಮಕ್ಕಳು ಬಟ್ಟಲು ನೆಕ್ಕುತ್ತಿದ್ದರು. "ಅಂಗಡಿದು ಅಂತ ನಾಚ್ಕೋಬೇಡಿ, ಕೈ ನಿಮ್ದಲ್ವಾ," ಅನ್ನುತ್ತಿದ್ದಳು.

ತೀರ್ಥೇಶ್ ಕ್ವಾಲಿಟಿ ಚೆಕ್ ಅನ್ನುವ ನೆಪದಲ್ಲಿ ಅವಳ ಮನೆ ಜಗಲಿಯಲ್ಲಿ ಕೂರುತ್ತಿದ್ದ. ಒಮ್ಮೆ ಮುರುಗಲು ಐಸ್‌ಕ್ರೀಮ್ ಕುಡಿದಾಗ ಅವನ ಮೇಲ್ದುಟಿಯ ಮೇಲೆ ಗುಲಾಬಿ ಮೀಸೆ ಮೂಡಿತು. ಸುಷ್ಮಾ ನೋಡಿದಳು, ಕಣ್ಣು ಕೆಳಗಿಳಿಸಿದಳು, ಮತ್ತೆ ನೋಡಿದಳು. ಹೇಳಲಿಲ್ಲ. ಅವನು ಅದೇ ಮೀಸೆಯಲ್ಲಿ ಹೊರಟುಹೋದ.

ಮುಂದಿನ ಬುಧವಾರ ಬಂದವನೇ ಕೇಳಿದ. "ಮೂರು ಅಂಗಡೀಲಿ ನಕ್ರು. ಎಂತಕ್ಕೆ ಹೇಳ್ಲಿಲ್ಲ ನೀನು?"

"ಚೆನ್ನಾಗಿ ಕಾಣ್ತಿತ್ತು. ಹೇಳಿದ್ರೆ ಒರೆಸ್ಕೊಂಡ್ಬಿಡ್ತಿದ್ರಲ್ಲ, ಅದಕ್ಕೆ."

ಅವನು ಅವಳನ್ನೇ ನೋಡುತ್ತ ನಿಂತ. ಅವಳೂ ನೋಟ ತಪ್ಪಿಸಲಿಲ್ಲ. ಆ ದಿನ ಮಕ್ಕಳ ಸ್ಯಾಂಡ್‌ವಿಚ್ ಎಲ್ಲ ಕರಗಿಹೋಯಿತು.

ಎರಡನೇ ಬೇಸಿಗೆಯಲ್ಲಿ ಅವನು ತೊಡೆದೇವು ತಂದ. ಕಬ್ಬಿನ ಹಾಲಿನಲ್ಲಿ ಮಾಡಿದ, ಕಾಗದಕ್ಕಿಂತ ತೆಳುವಾದ, ಮುಟ್ಟಿದರೆ ಮುರಿಯುವ ಸಿಹಿ. ಅದರ ಮೇಲೆ ವೆನಿಲ್ಲಾ ಇಟ್ಟು, ಜೋನಿ ಬೆಲ್ಲ ಎಳೆಯೆಳೆಯಾಗಿ ಸುರಿದು, ಹುರಿದ ಗೋಡಂಬಿ, ಎರಡು ಹರಳು ಉಪ್ಪು ಉದುರಿಸಿದಳು ಸುಷ್ಮಾ. ಒಂದೇ ಬಟ್ಟಲಿನಲ್ಲಿ ಇಬ್ಬರೂ ತಿಂದರು. ಬಟ್ಟಲು ಬರಿದಾಗುವ ಹೊತ್ತಿಗೆ ಅವನೆಂದ. "ಮನೇಲಿ ಹೇಳ್ತೀನಿ ಸುಷ್ಮಾ. ನಿನ್ನ ಬಿಟ್ಟು ನಂಗೆ ಆಗಲ್ಲ."

ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ಜೊತೆಗೇ ಹೆದರಿಕೆಯೂ ಆಯಿತು.

"ಹೇಳಿ. ಆದ್ರೆ ಒಂದು ವಿಷಯ ಕೇಳಿಸ್ಕಳಿ," ಅಂದಳು.

ಆ ಕಡೆ ಹೆಣ್ಣು ನೋಡಲು ಬಂದವರು, ತಮ್ಮ ಹಿರಿಯರು ಒಪ್ಪುವವರೆಗೆ, ಮುಂದಿಟ್ಟ ಸಿಹಿ ಮುಟ್ಟುವುದಿಲ್ಲ. ಮುಟ್ಟಿದರೆ ಒಪ್ಪಿದ ಹಾಗೆ. ಸುಷ್ಮಾಳನ್ನು ನೋಡಲು ಹಿಂದೆ ಎರಡು ಸಲ ಬಂದವರು "ಹೇಳಿ ಕಳಿಸ್ತೀವಿ" ಅಂದು ಎದ್ದಿದ್ದರು. ಅವ್ವ ಗುತ್ಯಮ್ಮ ಮೈಯೆಲ್ಲ ಬೆವರಾಗಿ ಮಾಡಿದ ಕೇಸರಿಬಾತ್ ತಟ್ಟೆಯಲ್ಲಿ ಹಾಗೇ ಇತ್ತು. ಮಾರನೇ ದಿನ ಅವ್ವ ಅದನ್ನು ಬಿಸಿ ಮಾಡಿಕೊಂಡು, ಅಡುಗೆಮನೆಯಲ್ಲಿ ಗೋಡೆ ಕಡೆ ಮುಖ ಮಾಡಿ ಒಬ್ಬಳೇ ತಿಂದಿದ್ದಳು. ಎರಡು ಸಲವೂ.

"ನಂಗೆ ಅವ್ರು ಬೇಡ ಅಂದಿದ್ದಕ್ಕೆ ಬೇಜಾರಿಲ್ಲ. ಅವ್ವ ಅದನ್ನ ತಿಂದಿದ್ದು ಮರೆಯೋಕಾಗಲ್ಲ. ಮೂರನೇ ಸಲ ನಾನು ನೋಡಲ್ಲ."

ತೀರ್ಥೇಶ್ ಬಟ್ಟಲು ತೆಗೆದುಕೊಂಡು ಹೋಗಿ ತಾನೇ ತೊಳೆದಿಟ್ಟ.

ಅವನ ಅಪ್ಪ ಚಂದ್ರಯ್ಯ ಎಂಟು ತಿಂಗಳು ಜಗ್ಗಲಿಲ್ಲ. ಸುಷ್ಮಾಳ ಅಜ್ಜ ಒಂದು ಕಾಲಕ್ಕೆ ಇಂಥವರ ಗದ್ದೆಯನ್ನೇ ಗೇಣಿಗೆ ಮಾಡಿದವರು. ಆ ಗದ್ದೆ ಉಳುವವರ ಹೆಸರಿಗೆ ಬಂದು ಐವತ್ತು ವರ್ಷ ಕಳೆದರೂ ಕೆಲವರ ತಲೆಯೊಳಗೆ ಗೇಣಿ ಇನ್ನೂ ಮುಗಿದಿರಲಿಲ್ಲ. ಕೊನೆಗೆ ಮಗನ ಕಾಟ ತಡೆಯಲಾರದೆ "ಸುಮ್ನೆ ನೋಡ್ಕೊಂಡು ಬರೋಣ, ಅಷ್ಟೇ" ಅಂದರು.

ಆ "ಅಷ್ಟೇ" ಏನೆಂದು ಸುಷ್ಮಾಗೆ ಚೆನ್ನಾಗಿ ಗೊತ್ತಿತ್ತು. ಅವರು ಬರುವ ಭಾನುವಾರ ಬೆಳಿಗ್ಗೆ, ಗುತ್ಯಮ್ಮ ರವೆ ಹುರಿಯಲು ಇಟ್ಟಿದ್ದ ಬಾಣಲೆಯನ್ನು ಅವಳು ಒಲೆಯಿಂದ ಇಳಿಸಿದಳು.

"ಇವತ್ತು ಕೇಸರಿಬಾತ್ ಬೇಡ ಅವ್ವ. ಐಸ್‌ಕ್ರೀಮ್ ಕೊಡ್ತೀನಿ."

"ತಲೆ ಕೆಟ್ಟಿದ್ಯನೇ? ಹೆಣ್ಣು ನೋಡೋಕೆ ಬರೋರಿಗೆ ಅಂಗಡಿ ಐಸ್‌ಕ್ರೀಮ್ ಕೊಡ್ತಾರಾ ಯಾರಾದ್ರೂ?"

"ಕೇಸರಿಬಾತ್ ಎಷ್ಟೊತ್ತು ಬೇಕಾದ್ರೂ ಸುಮ್ನೆ ಕೂತಿರುತ್ತೆ. ಇದು ಕೂರಲ್ಲ."

ಹನ್ನೊಂದು ಗಂಟೆಗೆ ಕಾರು ಬಂತು. ಇಸ್ತ್ರಿ ಮುರಿಯದ ಬಿಳಿ ಅಂಗಿಯ ಚಂದ್ರಯ್ಯ, ಅವರ ತಾಯಿ ವೆಂಕಮ್ಮ, ತೀರ್ಥೇಶ್. ವೆಂಕಮ್ಮನಿಗೆ ಎಂಬತ್ತು ದಾಟಿತ್ತು, ಬಾಯಲ್ಲಿ ಹಲ್ಲಿರಲಿಲ್ಲ, ಕಣ್ಣು ಮಾತ್ರ ಚುರುಕಾಗಿತ್ತು. ಅವರೆಲ್ಲ ಕೂತರೂ ಮಂಜುನಾಥಪ್ಪ ಹೆಗಲ ಟವೆಲ್ ಹಿಡಿದುಕೊಂಡು ನಿಂತೇ ಇದ್ದರು.

"ಅಪ್ಪ, ಕೂತ್ಕಳಿ. ಇದು ನಮ್ಮನೆ," ಅಂದಳು ಸುಷ್ಮಾ ಒಳಗಿನಿಂದಲೇ. ಅವರು ಕೂತರು. ಚಂದ್ರಯ್ಯ ಗಂಟಲು ಸರಿಮಾಡಿಕೊಂಡರು.

ಅವಳು ಟ್ರೇ ತಂದು ಟೀಪಾಯಿ ಮೇಲಿಟ್ಟಳು. ನಾಲ್ಕು ಗಾಜಿನ ಬಟ್ಟಲು. ತೊಡೆದೇವು, ವೆನಿಲ್ಲಾ, ಜೋನಿ ಬೆಲ್ಲ, ಗೋಡಂಬಿ.

"ನೀನೇ ಮಾಡಿದ್ದೇನಮ್ಮ?" ಚಂದ್ರಯ್ಯ ಕೇಳಬೇಕಾದ್ದನ್ನು ಕೇಳಿದರು.

"ಇಲ್ಲ, ಅಂಗಡಿದು. ನಿಮ್ಮ ಮಗನ ವ್ಯಾನಿಂದೇ ಬಂದಿದ್ದು. ಜೋಡ್ಸಿದ್ದು ಮಾತ್ರ ನಾನು."

ವೆಂಕಮ್ಮನ ತುಟಿಯ ಅಂಚು ಅಲುಗಿತು. "ಬಂದಿರೋದು ಮೂರು ಜನ. ನಾಲ್ಕನೇದು ಯಾರಿಗೆ?"

"ನಂಗೆ ಅಜ್ಜಿ. ಒಪ್ಪೋವರೆಗೂ ಸಿಹಿ ಮುಟ್ಟಲ್ವಂತಲ್ಲ ನೀವು. ನಾನೂ ಮುಟ್ಟಲ್ಲ. ನಾನಿನ್ನೂ ಒಪ್ಪಿಲ್ಲ."

ಗುತ್ಯಮ್ಮ ಅಡುಗೆಮನೆ ಬಾಗಿಲಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅದೇ ಹೊತ್ತಿಗೆ ಕರೆಂಟ್ ಹೋಯಿತು. ಕರೆಂಟ್ ಹುಟ್ಟುವ ಊರಿನಲ್ಲೂ ಅದು ಹೋಗುವುದು ಹೀಗೆಯೇ, ಹೇಳದೆ ಕೇಳದೆ. ಫ್ಯಾನ್ ನಿಂತಿತು.

"ಹತ್ತು ನಿಮಿಷ ಇರುತ್ತೆ ಈ ಐಸ್‌ಕ್ರೀಮ್. ಅಷ್ಟರೊಳಗೆ ಯೋಚ್ನೆ ಮಾಡಿ," ಅಂದಳು ಸುಷ್ಮಾ.

"ಇಂಥ ವಿಷಯ ಹತ್ತು ನಿಮಿಷಕ್ಕೆ ಮುಗಿಯೋದಲ್ಲಮ್ಮ. ಊರಲ್ಲಿ ನಾಲ್ಕು ಜನರ ಹತ್ರ ಮಾತಾಡ್ಬೇಕು," ಚಂದ್ರಯ್ಯ ಕೈಕಟ್ಟಿ ಕೂತರು.

ಬಟ್ಟಲ ಅಂಚಿನಲ್ಲಿ ಐಸ್‌ಕ್ರೀಮ್ ಕರಗಿ ಬೆಲ್ಲದ ಜೊತೆ ಸೇರತೊಡಗಿತು. ಸುಷ್ಮಾ ನೋಡುತ್ತಿದ್ದದ್ದು ತೀರ್ಥೇಶನ ಕಣ್ಣನ್ನು. ಚಮಚ ಎತ್ತುವ ಮೊದಲು ಅವನೇನಾದರೂ ಅಪ್ಪನ ಮುಖ ನೋಡಿದರೆ ಎಲ್ಲ ಮುಗಿಯಿತು ಎಂದು ಅವಳು ಬೆಳಿಗ್ಗೆಯೇ ತೀರ್ಮಾನ ಮಾಡಿದ್ದಳು. ಅಪ್ಪಣೆ ಕೇಳಿ ಪ್ರೀತಿಸುವವನು ಅವಳಿಗೆ ಬೇಕಿರಲಿಲ್ಲ. ಅವನನ್ನು ಬಿಟ್ಟರೆ ಬದುಕು ಎಷ್ಟು ಸಪ್ಪೆ ಎನ್ನುವುದೂ ಗೊತ್ತಿತ್ತು. ಆದರೂ ತೀರ್ಮಾನ ತೀರ್ಮಾನವೇ.

ತೀರ್ಥೇಶ್ ಬಟ್ಟಲು ನೋಡಿದ. ಅವಳನ್ನು ನೋಡಿದ. ಆಮೇಲೆ ತಿರುಗಿ ಅಪ್ಪನ ಮುಖ ನೋಡಿದ.

ಟ್ರೇ ಎತ್ತಲು ಸುಷ್ಮಾಳ ಕೈ ಮುಂದೆ ಹೋಯಿತು.

"ಅಪ್ಪಯ್ಯ, ನಿಮ್ದು ಕರಗ್ತಾ ಇದೆ," ಅಂದ ತೀರ್ಥೇಶ್. ತನ್ನ ಬಟ್ಟಲು ಎತ್ತಿಕೊಂಡು ದೊಡ್ಡ ಚಮಚದಲ್ಲಿ ಬಾಯಿ ತುಂಬ ತಿಂದ. ತೊಡೆದೇವು ಕರುಂ ಅಂದದ್ದು ಅಡುಗೆಮನೆಗೂ ಕೇಳಿಸಿತು. ನಾಲ್ಕೇ ತುತ್ತಿಗೆ ಬಟ್ಟಲು ಖಾಲಿ ಮಾಡಿ ಕೇಳಿದ. "ನೀವು ತಿನ್ನಲ್ವಾ?"

"ಇಲ್ಲ."

ಅವನು ಅಪ್ಪನ ಬಟ್ಟಲನ್ನೂ ಎತ್ತಿಕೊಂಡ.

"ಎಂತ ಮಾಡ್ತಿದೀಯಾ ನೀನು?"

"ಈ ಮನೇಲಿ ಎರಡು ಸಲ ತಟ್ಟೆ ಮುಟ್ಟದೆ ಎದ್ದು ಹೋಗಿದಾರೆ ಅಪ್ಪಯ್ಯ. ಅದನ್ನ ಯಾರು ತಿಂದ್ರು ಅಂತ ನಂಗೆ ಗೊತ್ತು. ಇವತ್ತು ಒಂದು ಬಟ್ಟಲೂ ಹಾಗೇ ಒಳಗೆ ಹೋಗಲ್ಲ. ನೀವು ತಿನ್ನದಿದ್ರೆ ನಾನು ತಿಂತೀನಿ." ತಿನ್ನುತ್ತಲೇ ಹೇಳಿದ. "ಸಾಗರದಲ್ಲಿ ಬಾಡಿಗೆ ಮನೆ ನೋಡಿದೀನಿ. ನೀವು ಒಪ್ಪಿದ್ರೆ ನಿಮ್ಮ ಜೊತೆ. ಒಪ್ಪದಿದ್ರೆ ಅಲ್ಲಿ."

ಚಂದ್ರಯ್ಯ ಕೆಂಡವಾಗಿ ಎದ್ದು, ಚಪ್ಪಲಿ ಮೆಟ್ಟಿ ಕಾರಿಗೆ ಹೋಗಿ ಕೂತರು. ಹಾರ್ನ್ ಶುರುವಾಯಿತು. ತೀರ್ಥೇಶ್ ಅಜ್ಜಿಯ ಬಟ್ಟಲಿಗೆ ಕೈ ಹಾಕಿದ. ಪಟ್ಟನೆ ಒಂದು ಏಟು ಬಿತ್ತು.

"ಕೈ ತೆಗಿ. ಇದು ನನ್ ಬಟ್ಟಲು."

ವೆಂಕಮ್ಮ ಬಟ್ಟಲನ್ನು ಮಡಿಲಲ್ಲಿ ಇಟ್ಟುಕೊಂಡು ನಿಧಾನವಾಗಿ ತಿನ್ನತೊಡಗಿದರು. "ತೊಡೆದೇವು ನೆಂದು ಮೆತ್ತಗಾಗಿದೆ. ಹಲ್ಲಿಲ್ದೋರಿಗೆ ಇದೇ ಸರಿ." ಹಾರ್ನ್ ಮತ್ತೆ ಕೂಗಿತು. "ಹೊಡ್ಕೊಳ್ಳಿ ಬಿಡು ಅವ್ನು." ಇನ್ನೊಂದು ಚಮಚ ಬಾಯಿಗಿಟ್ಟು ಸುಷ್ಮಾಳನ್ನು ನೋಡಿದರು. "ನನ್ ನೋಡೋಕೆ ಬಂದಾಗ ನಂಗೆ ಬಟ್ಟಲೇ ಇರ್ಲಿಲ್ಲ ಕಣೇ ಹುಡುಗಿ. ಬಾಗಿಲ ಸಂದೀಲಿ ನಿಂತು, ಅವ್ರು ತಿಂತಾರಾ ಇಲ್ವಾ ಅಂತ ನೋಡ್ತಿದ್ದೆ. ಸ್ವಲ್ಪ ಬೆಲ್ಲ ಹಾಕು ಇದಕ್ಕೆ."

ಬೆಲ್ಲದ ಬಾಟಲಿ ತಂದದ್ದು ಗುತ್ಯಮ್ಮ. ಕೇಳಿದ್ದಕ್ಕಿಂತ ಹೆಚ್ಚೇ ಸುರಿದಳು. ವೆಂಕಮ್ಮ ಬೇಡ ಅನ್ನಲಿಲ್ಲ.

ಟ್ರೇಯಲ್ಲಿ ಈಗ ಒಂದೇ ಬಟ್ಟಲು ಉಳಿದಿತ್ತು. ಎಲ್ಲರೂ ಅದನ್ನೇ ನೋಡಿದರು.

"ಈಗ ನಿಂದು," ಅಂದ ತೀರ್ಥೇಶ್. ಅಪ್ಪನ ಎದುರು ನಡುಗದ ದನಿ ಈಗ ನಡುಗಿತು.

ಸುಷ್ಮಾ ಬೇಕೆಂದೇ ತಡ ಮಾಡಿದಳು. ಎರಡು ಬೇಸಿಗೆ ಕಾದವನು ಇನ್ನೊಂದು ನಿಮಿಷ ಕಾಯಲಿ. "ಯೋಚ್ನೆ ಮಾಡ್ಬೇಕು. ಊರಲ್ಲಿ ನಾಲ್ಕು ಜನರ ಹತ್ರ ಮಾತಾಡ್ಬೇಕು."

ಮೊದಲು ನಕ್ಕವರು ಮಂಜುನಾಥಪ್ಪ. ಆಮೇಲೆ ಅಜ್ಜಿ, ಬಾಯಿ ತುಂಬ ಐಸ್‌ಕ್ರೀಮ್ ಇಟ್ಟುಕೊಂಡೇ. ತೀರ್ಥೇಶ್ ಮಾತ್ರ ನಗಲಿಲ್ಲ, ಅವನ ಕಣ್ಣು ಒದ್ದೆಯಾಗಿತ್ತು. ಅದನ್ನು ನೋಡಿ ಅವಳಿಗೆ ಇನ್ನು ಆಟ ಸಾಕೆನಿಸಿತು.

ಅವಳ ಬಟ್ಟಲು ಪೂರ್ತಿ ಕರಗಿ ಬೆಲ್ಲದ ಹಾಲಾಗಿತ್ತು. ಚಮಚ ಬದಿಗಿಟ್ಟು, ಎರಡೂ ಕೈಯಲ್ಲಿ ಬಟ್ಟಲು ಎತ್ತಿ, ಎಲ್ಲರ ಎದುರಿಗೆ ನಿಂತುಕೊಂಡೇ ಗಟಗಟ ಕುಡಿದಳು. ತಳದ ಗೋಡಂಬಿಯನ್ನೂ ಬಿಡಲಿಲ್ಲ.

"ಒಪ್ಪಿದೀನಿ," ಅಂದಳು.

ಅವಳ ಮೇಲ್ದುಟಿಯ ಮೇಲೆ ಬಿಳಿ ಮೀಸೆ ಮೂಡಿತ್ತು. ತೀರ್ಥೇಶ್ ನೋಡಿದ. ಹೇಳಲಿಲ್ಲ.

ಹೊರಗೆ ಹಾರ್ನ್ ಇನ್ನೂ ಕೂಗುತ್ತಿತ್ತು. ಸುಷ್ಮಾ ಒಂದು ಹೊಸ ಬಟ್ಟಲು ತುಂಬಿಕೊಂಡು, ಸೆರಗು ಸಿಕ್ಕಿಸಿ, ಬಿಸಿಲಲ್ಲಿ ನೆಟ್ಟಗೆ ಕಾರಿನ ಹತ್ತಿರ ನಡೆದಳು. ಬಟ್ಟಲನ್ನು ಕಿಟಕಿಯೊಳಗೆ ಚಾಚಿದಳು.

"ಹತ್ತು ನಿಮಿಷ ಇದೆ, ಮಾವ," ಅಂದಳು.

ಹಾರ್ನ್ ನಿಂತಿತು.