ಖಾಲಿ ಕೋಣೆಯ ಸದ್ದು

"ಏನು ಬೇಕಾದ್ರೂ ಮಾಡ್ಕೊಳ್ಳಿ. ಮಾತಾಡಿ, ಹಾಡಿ, ಕಿರುಚಾಡಿ. ಖಾಲಿ ಕೋಣೆ ಸದ್ದನ್ನ ಮಾತ್ರ ಹಿಡೀಬೇಡಿ," ಎಂದಳು ಮುದುಕಿ. ಬೀಗದ ಕೈ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು.

ಸೌಂಡಿನವನಿಗೆ ನಗು ತಡೆಯಲಿಲ್ಲ. "ಖಾಲಿ ಕೋಣೇಲಿ ಸದ್ದೆಲ್ಲಿಂದ ಬರತ್ತಜ್ಜಿ?"

"ನಿಮ್ಮ ಕಸುಬು. ನಿಮಗೆ ಗೊತ್ತಿಲ್ವೇನಪ್ಪ?"

ಗೊತ್ತಿತ್ತು. ಮಾತೆಲ್ಲ ಮುಗಿದ ಮೇಲೆ ಕೋಣೆಯ ಬರೀ ಮೌನವನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುವುದು ಅವನ ಕಸುಬಿನ ಮೊದಲ ಪಾಠ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಆ ಮೌನವನ್ನು ಹಾಸದಿದ್ದರೆ ಸಿನಿಮಾ ತೂತು ಬಿದ್ದ ಹಾಗೆ ಕೇಳುತ್ತದೆ. ಅದನ್ನೇ ಬೇಡ ಅಂದರೆ ಹೇಗೆ?

ಮುದುಕಿ ತಡೆದು ತಡೆದು ಹೇಳಿದಳು. ಈ ಡಬ್ಬಿಂಗ್ ಸ್ಟುಡಿಯೋ ಅವಳ ಗಂಡನದು. ಪಾಲುದಾರ ಮೋಸ ಮಾಡಿದ ಹೊಟ್ಟೆಯುರಿಗೆ ಗಂಡ ಮಂತ್ರವಾದಿಯನ್ನು ಕರೆಸಿ, ಬಾಯಿ ಹೊಲಿದ ಬೊಂಬೆಯೊಂದನ್ನು ಈ ಕೋಣೆಯ ನೆಲದಡಿ ಹೂಳಿಸಿದ. ಪಾಲುದಾರನ ದನಿ ನಿಂತಿತು. ಆದರೆ ಮಾಟ ಅಲ್ಲಿಗೇ ನಿಲ್ಲಲಿಲ್ಲ, ಮಾಡಿಸಿದವನ ದನಿಯನ್ನೂ ನುಂಗಿತು. ಕಿತ್ತುಹಾಕಲಾಗದ ಮಂತ್ರವಾದಿ ಕೊನೆಗೆ ಅದನ್ನು ಕೋಣೆಯ ಮೌನದೊಳಗೇ ಕಟ್ಟಿಹಾಕಿ ಹೋದ.

"ಅಲ್ಲೇ ಬಿದ್ದಿರ್ಲಿ ಬಿಡಿ. ಹೊರಗೆ ಒಯ್ದು ಯಾರ ಮಾತಿನ ಕೆಳಗೆ ಹಾಸ್ತೀರೋ, ಅವರ ದನಿ ತಿನ್ನತ್ತೆ."

"ಆಗ್ಲಿ ಅಜ್ಜಿ," ಅಂದ ಸೌಂಡಿನವನು, ಪಕ್ಕದಲ್ಲಿದ್ದ ಗೆಳೆಯ ನಿರ್ದೇಶಕನತ್ತ ಕಣ್ಣು ಮಿಟುಕಿಸುತ್ತ.

ಅವರ ಸಿನಿಮಾ ಕಂಪನಿ ಅಂದರೆ ಆಗ ಮೂವರೇ. ನಿರ್ದೇಶಕ, ಸೌಂಡಿನವನು, ನಾಯಕಿಯರಿಗೆಲ್ಲ ದನಿ ಕೊಡುವ ಸೌಂಡಿನವನ ಹೆಂಡತಿ. ನಿರ್ದೇಶಕನಿಗೆ ಎಲ್ಲರೂ ಇಟ್ಟ ಹೆಸರು ವಟವಟ. ಬಾಯಿ ಮುಚ್ಚಿದವನೇ ಅಲ್ಲ ಪುಣ್ಯಾತ್ಮ! ಮಾತಿನಲ್ಲೇ ಮನೆ ಕಟ್ಟಿ, ನಟರನ್ನು ಅದರೊಳಗೆ ಕೂರಿಸಿ, ಪುಕ್ಕಟೆ ದುಡಿಸಿಕೊಂಡು ಮೊದಲ ಸಿನಿಮಾ ಮುಗಿಸಿದ್ದ. ಅದರ ನಿರೂಪಣೆಗೂ ಅವನದೇ ದನಿ.

ಡಬ್ಬಿಂಗಿನ ಕೊನೆಯ ದಿನ, ಹಾಡುಹಗಲೇ, ಎಲ್ಲರನ್ನೂ ಹೊರಗಟ್ಟಿ ಸೌಂಡಿನವನು ದೀಪ ಆರಿಸಿದ. ಹಳೆಯ ರತ್ನಗಂಬಳಿಯ ಮುಗ್ಗಲು ವಾಸನೆ ಮೂಗಿಗೆ ಅಡರಿತು. ಹೆಡ್‌ಫೋನಿನಲ್ಲಿ ಮೌನ. ದಪ್ಪನೆಯ, ಬೆಚ್ಚನೆಯ ಮೌನ. ಯಾರೋ ತೀರಾ ಹತ್ತಿರ ನಿಂತು ಉಸಿರು ಬಿಗಿಹಿಡಿದಂತಿತ್ತು. ಅವನಿಗೆ ಮೈ ಜುಮ್ಮೆಂದದ್ದು ನಿಜ. ಆದರೂ ಹಿಡಿದ. ಹೊರಬಂದು, "ಅಜ್ಜಿಯ ದೆವ್ವ ಪೆಟ್ಟಿಗೆಗೆ ಬಿತ್ತು ಕಣೋ," ಎಂದು ನಕ್ಕ.

ಸಿನಿಮಾ ಎದ್ದು ನಿಂತಿತು. ಊರೂರಲ್ಲಿ ಮಾತು, ಪ್ರಶಸ್ತಿ, ಸನ್ಮಾನ. 'ಈ ಚಿತ್ರದ ಮೌನಕ್ಕೆ ಜೀವವಿದೆ' ಎಂದು ಒಬ್ಬ ವಿಮರ್ಶಕ ಬರೆದ. ಸೌಂಡಿನವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎರಡನೆಯ ಸಿನಿಮಾಕ್ಕೂ ಅದೇ ಮೌನ ಹಾಸಿದ, ಮೂರನೆಯದಕ್ಕೂ ಅದೇ. ಕಂಪನಿಗೆ ಬೋರ್ಡು ಬಂತು, ಗಾಜಿನ ಬಾಗಿಲಿನ ಆಫೀಸು ಬಂತು, ಆ ಬಾಗಿಲಿನಾಚೆ ಅವಕಾಶ ಕೇಳಿಕೊಂಡು ನಿಲ್ಲುವವರ ಸಾಲು ಬಂತು.

ಮೊದಲು ದನಿ ಹೋದದ್ದು ಅಪ್ಪನ ಪಾತ್ರ ಮಾಡಿದ್ದ ಹಿರಿಯ ನಟನಿಗೆ. ವೈದ್ಯರು ಗಂಟಲೊಳಗೆ ಇಣುಕಿ ಇಣುಕಿ ಸೋತರು, ಏನೂ ಸಿಗಲಿಲ್ಲ. ಆಮೇಲೆ ಖಳನಾಯಕನಿಗೆ. ಆಮೇಲೆ ಒಂದು ಬೆಳಿಗ್ಗೆ, ಚಿತ್ರೀಕರಣದ ನಟ್ಟನಡುವೆ, ವಟವಟ ಯಾರನ್ನೋ ಬೈಯಲು ಬಾಯಿ ತೆರೆದ. ತುಟಿ ಆಡಿತು. ದನಿ ಬರಲಿಲ್ಲ. ಎರಡೂ ಕೈಯಲ್ಲಿ ಕುತ್ತಿಗೆ ಹಿಡಿದುಕೊಂಡು ಗೆಳೆಯನತ್ತ ನೋಡಿದ.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಒಪ್ಪಿಕೊಂಡ ನಟರು ಫೋನ್ ಎತ್ತುವುದನ್ನೇ ಬಿಟ್ಟರು. ಚಿತ್ರಮಂದಿರದವರು ಅಪಶಕುನವೆಂದು ಪ್ರತಿಗಳನ್ನೆಲ್ಲ ವಾಪಸ್ ಕಳಿಸಿದರು. ಬೋರ್ಡು ಇಳಿಯಿತು, ಆಫೀಸಿಗೆ ಬೀಗ ಬಿತ್ತು. ಇಷ್ಟಾದರೂ ಸೌಂಡಿನವನು 'ಕಾಕತಾಳೀಯ' ಎನ್ನುತ್ತಲೇ ಇದ್ದ, ಮೊಂಡ!

"ರೀ, ಹಾಲು ಉಕ್..." ಎಂದಳು ಹೆಂಡತಿ ಒಂದು ದಿನ ಅಡುಗೆಮನೆಯಿಂದ. ಮಾತು ಅಷ್ಟಕ್ಕೇ ಕತ್ತರಿಸಿತು. ಹಾಲು ಉಕ್ಕಿ ಒಲೆಯೆಲ್ಲ ಹರಿಯುತ್ತಿದ್ದರೂ ಅವಳು ಅಲುಗದೆ ನಿಂತಿದ್ದಳು, ಬಾಯಿ ತೆರೆದುಕೊಂಡೇ.

ಆ ದನಿಗೆ ಮರುಳಾಗಿಯೇ ಅವನು ಮದುವೆಯಾದದ್ದು. ಬೇಸತ್ತು ಬಂದ ದಿನ ಆ ದನಿ ಬಾಗಿಲಲ್ಲಿ 'ಬಂದ್ರಾ?' ಅಂದರೆ ಸಾಕಿತ್ತು. ಈಗ ಹೋದದ್ದು ಅದು.

ಅವತ್ತು ಮೊದಲ ಸಲ ಅವನು ಆ ಮೌನವನ್ನು ಸದ್ದು ಏರಿಸಿ ಕೇಳಿದ. ತಳದಲ್ಲಿ ಮನುಷ್ಯರಿದ್ದರು. ಹಿರಿಯ ನಟ ಮೊಮ್ಮಗಳನ್ನು ಕರೆಯುತ್ತಿದ್ದ. ವಟವಟ ಒಂದೇ ಸಮನೆ ಏನೋ ಬೇಡಿಕೊಳ್ಳುತ್ತಿದ್ದ. ಜೊತೆಗೆ ಚರ್ಮದೊಳಗೆ ದಾರ ಎಳೆದಂಥ ಸದ್ದು. ಕೊನೆಗೆ, ಕಿವಿಯ ಪಕ್ಕದಲ್ಲೇ, ಹೆಂಡತಿ: "ರೀ, ಇಲ್ಲಿ ತುಂಬಾ ಕತ್ಲೆ ರೀ."

ಮುದುಕಿಯ ಕಾಲ ಬಳಿ ಹೋಗಿ ಬಿದ್ದ. ಅವಳು ಬೈಯಲಿಲ್ಲ, ಕಣ್ಣೊರೆಸಿಕೊಂಡಳು. "ಹಿಡಿದ ಕೋಣೇಲೇ ಕೂತು ಅಳ್ಸಿ ಹಾಕು. ಅದು ಎಲ್ಲೆಲ್ಲಿದೆಯೋ ಎಲ್ಲಾನೂ. ಒಂದು ಪ್ರತೀನೂ ಉಳೀಬಾರ್ದು."

"ದನಿ ವಾಪಸ್ ಬರತ್ತಾ?"

"ಬರತ್ತಪ್ಪ. ಆದ್ರೆ ಮೌನ ಎಲ್ಲಿಗೆ ಹೋಗತ್ತೋ ನಾ ಕಾಣೆ."

ಮೂರೂ ಸಿನಿಮಾ ಹೋಗಬೇಕು. ಅಂದರೆ ಕಂಪನಿಯ ಗುರುತೇ ಹೋಗಬೇಕು. ಹೇಗೆ ಹೇಳುವುದೆಂದು ತಿಳಿಯದೆ ಸೌಂಡಿನವನು ವಟವಟನ ಎದುರು ತಲೆ ತಗ್ಗಿಸಿ ಎಲ್ಲ ಹೇಳಿದ, ಅದೇ ಮೌನವನ್ನು ಮೂರೂ ಸಿನಿಮಾಕ್ಕೆ ಹಾಸಿದ್ದನ್ನೂ. ಕೊರಳಪಟ್ಟಿ ಹಿಡಿಯುತ್ತಾನೆಂದುಕೊಂಡಿದ್ದ. ವಟವಟ ಎದ್ದು ಅವನ ಜೊತೆ ಸ್ಟುಡಿಯೋಕ್ಕೆ ಬಂದ. ಆ ಕೋಣೆಯಲ್ಲಿ ಕೂತು, ತನ್ನ ಮೊದಲ ಸಿನಿಮಾದ ಮೊದಲ ದೃಶ್ಯವನ್ನು ಸದ್ದಿಲ್ಲದೆ ನೋಡಿದ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಆಮೇಲೆ ತಾನೇ ಕೈಚಾಚಿ ಅಳಿಸಿದ. ಒಂದಾದ ಮೇಲೊಂದು, ಪ್ರತಿಯೊಂದನ್ನೂ.

ಕೊನೆಗೆ ಉಳಿದದ್ದು ಆ ಮೌನವೊಂದೇ. ಸೌಂಡಿನವನು ಹೆಡ್‌ಫೋನ್ ಹಾಕಿಕೊಂಡು ಗುಂಡಿ ಒತ್ತಿದ.

ದೀಪ ಹೋಯಿತು. ಮುಗ್ಗಲು ವಾಸನೆ. ಉಸಿರು ಕಟ್ಟಿತು. ನೆಲದಡಿ ಏನೋ ಕದಲಿತು. ದಾರ ಹರಿಯಿತು. ಪಟ್. ಇನ್ನೊಂದು. ಪಟ್. ದನಿಗಳೆಲ್ಲ ಒಮ್ಮೆಲೇ ಕೂಗಿದವು. ಕಿವಿ ಸೀಳಿತು. ಹೆಡ್‌ಫೋನ್ ಕಿತ್ತೆಸೆದ. ತಣ್ಣನೆಯದೇನೋ ಕೆನ್ನೆ ಸವರಿ ಹೋಯಿತು.

"ಲೋ!" ಕತ್ತಲಲ್ಲಿ ವಟವಟನ ದನಿ. "ಬಂತು ಕಣೋ! ದನಿ ಬಂ..."

ದೀಪ ಹತ್ತಿತು. ವಟವಟ ಕುಣಿಯುತ್ತಿದ್ದ, ತುಟಿ ಪಟಪಟ ಆಡುತ್ತಿತ್ತು. ಅಯ್ಯೋ, ಮತ್ತೆ ಹೋಯಿತೇ ಅವನ ದನಿ? ಸೌಂಡಿನವನು ಬೆದರಿ ಮೇಜು ಗುದ್ದಿದ. ಸದ್ದಿಲ್ಲ. ಚಪ್ಪಾಳೆ ತಟ್ಟಿದ. ಸದ್ದಿಲ್ಲ. ಗಂಟಲು ಹರಿಯುವಂತೆ ಕೂಗಿದ. ಎದೆ ಅದುರಿತು, ಅಷ್ಟೆ. ಆ ಕೂಗಿಗೆ ಬೆಚ್ಚಿ ವಟವಟ ಕುಣಿತ ನಿಲ್ಲಿಸಿದ.

ಮನೆಯ ಬಾಗಿಲಲ್ಲೇ ಹೆಂಡತಿ ಕಾದಿದ್ದಳು. ಅವನನ್ನು ಕಂಡದ್ದೇ ತಡ, ಓಡಿಬಂದು ತೋಳು ಹಿಡಿದು ಮಾತಾಡಿದಳು, ಅತ್ತಳು, ನಕ್ಕಳು, ಮತ್ತೆ ಮಾತಾಡಿದಳು. ಕಟ್ಟಿಟ್ಟ ಮಾತೆಲ್ಲ ಕಟ್ಟೆಯೊಡೆದಿತ್ತು. ಅವಳ ಸಂತೋಷ ಕೆಡಿಸಲು ಅವನಿಗೆ ಮನಸ್ಸಾಗಲಿಲ್ಲ. ಅವಳು ನಕ್ಕಾಗ ನಕ್ಕ. ಅತ್ತಾಗ ತಲೆ ಸವರಿದ. ಹೂಂಗುಟ್ಟಿದ.

ಅವಳು ಏನೋ ಕೇಳಿದಳು. ಕೇಳಿ, ಅವನ ಮುಖವನ್ನೇ ನೋಡುತ್ತ ಉತ್ತರಕ್ಕೆ ಕಾದಳು.