ಏಳನೇ ದಿನದ ಫೋನ್

"ಖಂಡಿತ ಸರ್, ನಿಮ್ಮ ಆಸ್ಪತ್ರೆಯಲ್ಲಿ ಕೆಲಸ ಮಾಡೋದು ನನ್ನ ಬಹಳ ದಿನದ ಆಸೆ."

ಆ ಕಡೆಯವರು ಏನಂದರೋ, ಅವಳ ಮುಖ ಸಪ್ಪಗಾಯಿತು. ಫೋನ್ ಇಟ್ಟು, ಜೆರಾಕ್ಸ್ ಅಂಗಡಿಯ ಕೌಂಟರಿಗೆ ಹಣೆ ಆನಿಸಿದಳು.

"ಏನಾಯ್ತು?" ಎಂದ ಅಂಗಡಿಯವನು.

"ಅದು ಆಸ್ಪತ್ರೆ ಅಲ್ವಂತೆ ರೀ. ಹಾಲಿನ ಡೈರಿಯಂತೆ."

ಮೂಲೆಯಲ್ಲಿ ಸ್ಪೈರಲ್ ಬೈಂಡಿಂಗ್ ಮಾಡುತ್ತಿದ್ದ ಅವನ ಅಕ್ಕ ಕಿಸಕ್ಕನೆ ನಕ್ಕಳು. ಅವನು ನಗಲಿಲ್ಲ. ಲ್ಯಾಬ್ ಟೆಕ್ನೀಷಿಯನ್ ಓದಿದ ಈ ಹುಡುಗಿ ಮೂರು ತಿಂಗಳಿಂದ ಇಲ್ಲೇ ಬಯೋಡೇಟಾ ಪ್ರಿಂಟ್ ಹಾಕಿಸುತ್ತಿದ್ದಳು. ಎಲ್ಲಿಗೆ ಕಳಿಸಿದಳು, ಯಾವಾಗ ಕಳಿಸಿದಳು ಅನ್ನೋದು ಮಾತ್ರ ದೇವರಿಗೇ ಗೊತ್ತು.

ಅವನು ಒಂದು ನೋಟ್‌ಬುಕ್ ತೆಗೆದು, ಸ್ಕೇಲಿಟ್ಟು ಗೆರೆ ಎಳೆದ. ತಾರೀಕು, ಜಾಗ, ಯಾರು ಮಾತಾಡಿದ್ದು, ಏನಂದರು.

"ಏಳು ದಿನ ಉತ್ತರ ಬರದಿದ್ರೆ ನೀವೇ ಫೋನ್ ಮಾಡಿ ಕೇಳಬೇಕು. ಹದಿನಾಲ್ಕು ದಿನ ಆದ್ರೂ ಸುದ್ದಿ ಇಲ್ಲ ಅಂದ್ರೆ ಆ ಸಾಲು ಹೊಡೆದುಹಾಕಿ ಮುಂದಕ್ಕೆ ಹೋಗ್ಬೇಕು."

"ಫೋನ್ ಮಾಡೋಕೆ ನಾಚಿಕೆ ಆಗುತ್ತೆ."

"ಮಗು ಅಳದಿದ್ರೆ ತಾಯೀನೇ ಹಾಲು ಕೊಡಲ್ಲ. ಡೈರಿಯವರು ಕೊಡ್ತಾರಾ?"

ಅವಳು ನಕ್ಕಳು. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುವುದನ್ನು ಅವನು ಆವತ್ತು ನೋಡಿದ. ಆಮೇಲೆ ನೋಡದೆ ಇರುವುದು ಅವನಿಂದಾಗಲಿಲ್ಲ.

ದಿನಾ ಸಂಜೆ ಪುಸ್ತಕ ತಂದು ಅವನ ಮುಂದೆ ಬಿಚ್ಚುತ್ತಿದ್ದಳು. ಹೊಡೆದುಹಾಕಿದ ಜಾಗಗಳಿಗೆ ಇಬ್ಬರೂ ಸೇರಿ ಬಾಯಿತುಂಬ ಬೈಯುತ್ತಿದ್ದರು. ನಲವತ್ತೆರಡನೇ ಸಾಲಿಗೆ ಧೈರ್ಯ ಮಾಡಿ ಅದೇ ಡೈರಿಗೆ ಮತ್ತೆ ಅರ್ಜಿ ಹಾಕಿದಳು. ಏಳನೇ ದಿನ ಅವನ ಕೌಂಟರಿನಲ್ಲೇ ನಿಂತು ಫೋನ್ ಮಾಡಿದಳು. ಕೆಲಸ ಸಿಕ್ಕಿತು.

ಇನ್ನು ಬಯೋಡೇಟಾ ಬೇಕಿಲ್ಲ. ಅವಳಿಗೆ ಇಲ್ಲಿಗೆ ಬರಲು ನೆಪವೂ ಇಲ್ಲ. ಅವಳು ಅಕ್ಕನ ಕೈ ಹಿಡಿದು ಕುಣಿಯುತ್ತಿದ್ದಾಗ ಅವನು ಪುಸ್ತಕ ಎಳೆದುಕೊಂಡು ನಲವತ್ಮೂರನೇ ಸಾಲು ತುಂಬಿದ. ಜಾಗ: ಜೆರಾಕ್ಸ್ ಅಂಗಡಿ. ಯಾರು: ಅಂಗಡಿಯವನು. ಏನಂದರು: ನೀವು ಬರದ ಸಂಜೆ ನನಗೆ ಬೇಡ. ಮದುವೆ ಆಗ್ತೀರಾ?

ಪುಸ್ತಕ ಮುಚ್ಚಿ ಅವಳ ಕೈಗೆ ಕೊಟ್ಟ.

ಮೂರು ದಿನವಾಯಿತು. ಏಳಾಯಿತು.

"ಫೋನ್ ಮಾಡೋ," ಅಂದಳು ಅಕ್ಕ.

"ಇಷ್ಟ ಇದ್ರೆ ಅವಳೇ ಬರ್ತಾಳೆ."

"ಹೇಳೋದು ಆಚಾರ, ತಿನ್ನೋದು ಬದನೆಕಾಯಿ!"

ಹತ್ತು ದಿನವಾಯಿತು. ಪ್ರಿಂಟರಿಗೆ ಹಾಳೆಯನ್ನು ತಿರುಗುಮುರುಗು ಹಾಕಿ ಗಿರಾಕಿಗಳಿಂದ ಬೈಸಿಕೊಂಡ.

ಹದಿನಾಲ್ಕನೇ ದಿನ ಸಂಜೆ ಅವಳು ಬಂದಳು. ತೋಳಿನ ಮೇಲೆ ಡೈರಿಯ ಬಿಳಿ ಕೋಟು. ಪುಸ್ತಕವನ್ನು ಟಪ್ಪೆಂದು ಕೌಂಟರಿನ ಮೇಲಿಟ್ಟಳು.

"ಏಳನೇ ದಿನ ಪೂರ್ತಿ ಫೋನ್ ಹಿಡ್ಕೊಂಡೇ ಹಾಲು ಟೆಸ್ಟ್ ಮಾಡಿದೆ. ಮೇಡಂ ಹತ್ರ ಬೈಸಿಕೊಂಡೆ. ಯಾಕೆ ಮಾಡಲಿಲ್ಲ?"

"ನಾಚಿಕೆ ಆಯ್ತು."

"ನಿಯಮ ಮಾಡಿದೋರು ಯಾರು?"

"ನಾನೇ."

"ಇವತ್ತಿಗೆ ಹದಿನಾಲ್ಕು. ಹೊಡೆದುಹಾಕ್ಲಾ?" ಪೆನ್ನಿನ ಮುಚ್ಚಳ ತೆಗೆದಳು. ಎಡಗೆನ್ನೆಯ ಗುಳಿ ಮಾತ್ರ ಆ ಕೋಪದ ಜೊತೆ ಸೇರಲಿಲ್ಲ.

ಅವನು ಜೇಬಿನಿಂದ ಫೋನ್ ತೆಗೆದ. ಎದುರಿಗೇ ನಿಂತವಳ ಬ್ಯಾಗಿನಲ್ಲಿ ರಿಂಗಾಯಿತು. ಅವಳು ಗಂಭೀರವಾಗಿ ಕಿವಿಗಿಟ್ಟುಕೊಂಡಳು.

"ನಲವತ್ಮೂರನೇ ಸಾಲಿನ ವಿಚಾರ ಏನಾಯ್ತು ಅಂತ ಕೇಳೋಣ ಅಂತ..."

"ಒಂದು ನಿಮಿಷ," ಸಾಲಿನ ಮೇಲೆ ಬೆರಳಾಡಿಸಿದಳು. "ಆಸ್ಪತ್ರೆ ತಾನೇ?"

"ಅಲ್ಲ ರೀ. ಜೆರಾಕ್ಸ್ ಅಂಗಡಿ."

"ಹಾಗಾದ್ರೆ ಖಂಡಿತ ಬರ್ತೀನಿ ಸರ್," ಎನ್ನುತ್ತ ಆ ಸಾಲಿನ ತುದಿಗೆ ಟಿಕ್ ಹಾಕಿದಳು. "ನನ್ನ ಬಹಳ ದಿನದ ಆಸೆ."