ಚೂಟಿ ಬರೆಯದ ವಾಕ್ಯ

"ನಾನು ಬರೆಯಲ್ಲ ಸರ್."

ಇಷ್ಟು ಹೇಳಿ ಚೂಟಿ ಪೆನ್ನಿನ ಕ್ಯಾಪ್ ಮುಚ್ಚಿದಳು.

ಶಾಲೆಯ ಗೇಟಿನ ಹೊರಗೆ ಒಂದು ಕಲ್ಲಿನ ಕಟ್ಟೆ ಇತ್ತು. ಲೇಟಾಗಿ ಬಂದವರೆಲ್ಲ ಅಲ್ಲಿ ಕೂತು ಒಂದೇ ವಾಕ್ಯವನ್ನು ಐವತ್ತು ಸಲ ಬರೆಯಬೇಕು. 'ಇನ್ನು ಮುಂದೆ ನಾನು ತಡವಾಗಿ ಬರುವುದಿಲ್ಲ.' ಬರೆದು ಮುಗಿಸುವಷ್ಟರಲ್ಲಿ ಮೊದಲ ಪೀರಿಯಡ್ ಕಳೆದೇ ಹೋಗಿರುತ್ತಿತ್ತು.

ಪಕ್ಕದಲ್ಲಿ ಏಳನೇ ಕ್ಲಾಸಿನ ಲಂಬು ಕೂತಿದ್ದ. ಅವನ ಮನೆ ಶಾಲೆಯ ಹಿಂದಿನ ಬೀದಿಯಲ್ಲೇ ಇದ್ದರೂ ನಿದ್ದೆ ಅವನನ್ನು ಬಿಡುತ್ತಿರಲಿಲ್ಲ. ಎರಡು ಪೆನ್ನುಗಳನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಕೊಂಡು ಒಂದೇ ಏಟಿಗೆ ಎರಡೆರಡು ಸಾಲು ಗೀಚುವುದರಲ್ಲಿ ಅವನು ಎತ್ತಿದ ಕೈ.

ಹೆಡ್ ಸರ್ ಕನ್ನಡಕ ಸರಿಮಾಡಿಕೊಂಡರು. "ಯಾಕಮ್ಮ, ಕೈ ನೋವಾ?"

"ಇಲ್ಲ ಸರ್. ಅದು ಸುಳ್ಳು, ಅದಕ್ಕೆ. ಏಳೂವರೆ ಬಸ್ಸನ್ನ ಹೋದ ತಿಂಗಳು ನಿಲ್ಲಿಸಿಬಿಟ್ರು. ಎಂಟು ಗಂಟೆ ಬಸ್ಸು ರೈಲ್ವೆ ಗೇಟಲ್ಲಿ ನಿಲ್ಲುತ್ತೆ. ಗೂಡ್ಸ್ ರೈಲು ಹೋಗೋವರೆಗೂ ಗೇಟ್ ತೆಗೆಯಲ್ಲ. ನಾಳೆನೂ ನಾನು ಲೇಟೇ."

"ಎಲ್ಲರೂ ಬರೀತಿಲ್ವಾ? ನಿನಗೊಬ್ಬಳಿಗೆ ಕೊಂಬು ಬಂದಿದೆಯಾ?"

ಚೂಟಿ ಪೆನ್ನಿನ ಕ್ಯಾಪ್ ತೆಗೆಯಲಿಲ್ಲ.

"ನೀನು ಬರೆಯದೆ ಇವತ್ತಿಗೆ ಎರಡು ದಿನ ಆಯ್ತು," ಎಂದರು ಹೆಡ್ ಸರ್. "ನಾಳೆ ಐವತ್ತು ಸಲ ಬರೆದು ತಂದುಕೊಡು. ಇಲ್ಲಾಂದ್ರೆ ಅಮ್ಮನ್ನ ಕರ್ಕೊಂಡು ಬರಬೇಕು."

ಚೂಟಿಯ ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಆರಕ್ಕೇ ಡ್ಯೂಟಿ. ಅವಳು ಶಾಲೆಗೆ ಬಂದರೆ ಅವಳ ಪಾಲಿನ ಬೆಡ್‌ಶೀಟ್‌ಗಳೆಲ್ಲ ಜೊತೆಯವರ ತಲೆಗೆ ಬೀಳುತ್ತಿದ್ದವು.

ಮೂರನೇ ಪೀರಿಯಡ್ ಪೌರನೀತಿ. ಆ ಪಾಠ ಮಾಡುವ ಮಿಸ್ ಎಂದರೆ ಚೂಟಿಗೆ ಪ್ರಾಣ. ಅವರ ಕ್ಲಾಸಿನಲ್ಲಿ ಒಂದು ಪದ್ಧತಿ ಇತ್ತು. ಕೊನೆಯ ಐದು ನಿಮಿಷ ಮಕ್ಕಳದು. ಯಾರು ಏನು ಬೇಕಾದರೂ ಕೇಳಬಹುದು, ಮಿಸ್ ಉತ್ತರ ಹೇಳಲೇಬೇಕು. 'ಪ್ರಶ್ನೆ ನುಂಗಿಕೊಂಡು ಮನೆಗೆ ಹೋಗಬೇಡಿ, ಹೊಟ್ಟೆ ಕೆಡುತ್ತೆ' ಎಂದು ಅವರೇ ನಗಿಸುತ್ತಿದ್ದರು.

ಆ ದಿನ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿದ್ದರು. 'ಕಾನೂನಿನ ಮುಂದೆ ಎಲ್ಲರೂ ಸಮಾನರು.'

"ಈಗ ನಿಮ್ಮ ಐದು ನಿಮಿಷ. ಕೇಳಿ," ಎಂದರು ಮಿಸ್.

ಚೂಟಿ ಎದ್ದು ನಿಂತಳು.

"ಮಿಸ್, ಬೆಳಿಗ್ಗೆ ಬಸ್ಸಲ್ಲಿ ನೀವು ಡ್ರೈವರ್ ಹಿಂದಿನ ಸೀಟಲ್ಲಿ ಕೂತಿದ್ರಿ. ನಾನು ನಿಮ್ಮ ಹಿಂದೇನೇ ನಿಂತಿದ್ದೆ. ಇಬ್ರೂ ಎಂಟು ನಲವತ್ತಕ್ಕೆ ಇಳಿದ್ವಿ. ವಾಚ್‌ಮನ್ ಮಾಮ ನಿಮಗೆ ಚಿಕ್ಕ ಗೇಟ್ ತೆಗೆದ್ರು. ನನ್ನನ್ನ ಕಟ್ಟೆ ಮೇಲೆ ಕೂರಿಸಿದ್ರು. ನಿನ್ನೆನೂ ಹಾಗೇ ಆಯ್ತು. ಅದು ಹೇಗೆ ಸಮಾನ ಮಿಸ್?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು.

ಮಿಸ್ ಕೈಯಲ್ಲಿದ್ದ ಚಾಕ್‌ಪೀಸನ್ನು ಎರಡು ಮೂರು ಸಲ ಹೊರಳಿಸಿದರು. ಐದು ನಿಮಿಷ ಅಷ್ಟು ಉದ್ದ ಇರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಬೆಲ್ ಹೊಡೆಯಿತು. ಮಿಸ್ ಪುಸ್ತಕ ಎತ್ತಿಕೊಂಡು ಏನೂ ಹೇಳದೆ ಹೊರಟುಹೋದರು.

"ಮುಗೀತು ನಿನ್ನ ಕತೆ," ಎಂದಳು ಪಕ್ಕದ ಗೆಳತಿ.

ಚೂಟಿಗೆ ಹೆದರಿಕೆಯಾಗಲಿಲ್ಲ. ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ದುಃಖವಾಯಿತು. ಉಳಿದವರು ಸುಮ್ಮನಿದ್ದರೆ ಇರಲಿ, ಈ ಮಿಸ್ ಕೂಡ ಸುಮ್ಮನಿರಬೇಕೇ?

ಸಂಜೆ ಅಮ್ಮನಿಗೆ ವಿಷಯ ಹೇಳಿದಳು. ಬಟ್ಟೆ ಮಡಚುತ್ತಿದ್ದ ಅಮ್ಮ ಹಣೆ ಚಚ್ಚಿಕೊಂಡಳು.

"ಬರೆದು ಬಿಸಾಕಬಾರದಾ? ಐವತ್ತು ಸಲ ಬರೆದ್ರೆ ನಿನ್ನ ಕೈ ಸವೆದು ಹೋಗುತ್ತಾ?"

"ಸುಳ್ಳು ಹೇಳಿದ್ರೆ ನೀನೇ ಬೈತೀಯಲ್ಲಮ್ಮ."

"ಅದು ಬೇರೆ, ಇದು ಬೇರೆ."

"ಹೇಗೆ ಬೇರೆ?"

ಅಮ್ಮ ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದಳು. "ಒಳ್ಳೆ ವಕೀಲೆ ಹುಟ್ಟಿದ್ದಾಳೆ ನನ್ನ ಹೊಟ್ಟೇಲಿ. ಏನಾದ್ರೂ ಮಾಡು, ನನ್ನ ಡ್ಯೂಟಿ ಮಾತ್ರ ತಪ್ಪಿಸಬೇಡ ಮಾರಾಯ್ತಿ."

ಚೂಟಿ ನೋಟ್‌ಬುಕ್ ತೆಗೆದಳು. 'ಇನ್ನು ಮುಂದೆ ನಾನು' ಎಂದು ಬರೆದಳು. ಅಮ್ಮನ ಊದಿಕೊಂಡ ಬೆರಳುಗಳನ್ನು ನೋಡಿದಳು. ಬರೆಯಲೇ ಎಂದು ಮನಸ್ಸು ಒಂದು ಗಳಿಗೆ ಹೊಯ್ದಾಡಿತು. ಆಮೇಲೆ ಆ ಮೂರು ಪದಗಳನ್ನು ಹೊಡೆದುಹಾಕಿ, ಬೇರೆ ಹಾಳೆ ತಿರುಗಿಸಿ, ಊಟಕ್ಕೆ ಕರೆಯುವವರೆಗೂ ತಲೆ ಎತ್ತದೆ ಬರೆದಳು.

ಮರುದಿನವೂ ಗೂಡ್ಸ್ ರೈಲು ತನ್ನ ಪಾಡಿಗೆ ತಾನು ಹಾದುಹೋಯಿತು. ಬಸ್ಸು ಎಂಟು ನಲವತ್ತೆರಡಕ್ಕೆ ಬಂತು. ಮಿಸ್ ಮುಂದಿನ ಬಾಗಿಲಿನಿಂದ ಇಳಿದರು, ಚೂಟಿ ಹಿಂದಿನ ಬಾಗಿಲಿನಿಂದ.

"ಹೆಸರು ಚೂಟಿ, ಬರೋದು ಮಾತ್ರ ಲೇಟು," ಎಂದು ವಾಚ್‌ಮನ್ ಮಾಮ ರೇಗಿಸಿದ. ಆಮೇಲೆ ಚಿಕ್ಕ ಗೇಟ್ ತೆಗೆದು ಪಕ್ಕಕ್ಕೆ ಸರಿದ. "ಬನ್ನಿ ಮಿಸ್."

ಮಿಸ್ ಒಳಗೆ ಹೋಗಲಿಲ್ಲ. ಬಂದು ಕಟ್ಟೆಯ ಪಕ್ಕದಲ್ಲಿ, ಮಕ್ಕಳ ಸಾಲಿನ ಕೊನೆಯಲ್ಲಿ ನಿಂತರು. ಲಂಬು ಎರಡು ಪೆನ್ನನ್ನೂ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ಹೆಡ್ ಸರ್ ದಾಪುಗಾಲು ಹಾಕಿ ಬಂದರು. "ಏನ್ ಮಿಸ್ ಇದು? ಒಳಗೆ ಬನ್ನಿ."

"ಲೇಟಾಯ್ತು ಸರ್. ಇವಳು ಬಂದ ಬಸ್ಸಲ್ಲೇ ಬಂದೆ."

"ಮಕ್ಕಳ ಮುಂದೆ ಇದೇನು ತಮಾಷೆ?"

"ತಮಾಷೆ ಅಲ್ಲ ಸರ್. ಇವಳಿಗೆ ಒಂದು ಉತ್ತರ ಬಾಕಿ ಇತ್ತು. ಕ್ಲಾಸಲ್ಲಿ ಹೇಳೋಕೆ ಆಗಲಿಲ್ಲ."

ಹೆಡ್ ಸರ್ ಮುಖ ಕೆಂಪಾಯಿತು. ಅವರು ಚೂಟಿಯ ಕಡೆ ತಿರುಗಿ ಕೈ ಚಾಚಿದರು. "ಎಲ್ಲಿ, ಬರೆದಿದ್ದು?"

ಚೂಟಿ ನೋಟ್‌ಬುಕ್ ಕೊಟ್ಟಳು. ಅದರಲ್ಲಿ ಐವತ್ತು ಸಲ, ದುಂಡಗೆ, ಹೀಗೆ ಬರೆದಿತ್ತು. 'ಏಳೂವರೆ ಬಸ್ಸು ಮತ್ತೆ ಬರುವವರೆಗೆ ನಮ್ಮ ಬಸ್ಸಿನವರಿಗೆ ಗೇಟ್ ತೆರೆದಿರಬೇಕು.'

"ನಾನು ಬರೆಯೋಕೆ ಹೇಳಿದ್ದು ಇದನ್ನಾ?"

"ಅಲ್ಲ ಸರ್. ನೀವು ಹೇಳಿದ್ದು ಸುಳ್ಳಾಗುತ್ತೆ. ಇದು ನಿಜ. ಐವತ್ತು ಇದೆ, ಬೇಕಾದ್ರೆ ಎಣಿಸಿ."

ಚೂಟಿ ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಆದರೂ ಕಣ್ಣು ಕೆಳಗೆ ಹಾಕಲಿಲ್ಲ.

ಹೆಡ್ ಸರ್ ಒಂದು ಪುಟ ಓದಿದರು. ತಿರುಗಿಸಿ ಇನ್ನೊಂದು ಪುಟ ಓದಿದರು. "ಪೀರಿಯಡ್ ಮುಗಿಯೋವರೆಗೆ ಇಬ್ರೂ ಹೊರಗೇ ಇರಿ," ಎಂದು ಗದರಿ, ನೋಟ್‌ಬುಕ್ ಕಂಕುಳಲ್ಲಿ ಇಟ್ಟುಕೊಂಡು ಆಫೀಸಿನ ಕಡೆ ನಡೆದರು. ಅಮ್ಮನನ್ನು ಕರೆತರುವ ಮಾತನ್ನು ಅವರು ಎತ್ತಲೇ ಇಲ್ಲ. ಮರೆತರೋ, ಬೇಕೆಂದೇ ಬಿಟ್ಟರೋ ಚೂಟಿಗೆ ತಿಳಿಯಲಿಲ್ಲ.

"ಒಂದು ಹಾಳೆ ಕೊಡ್ತೀಯಾ? ಪೆನ್ನೂ ಬೇಕು," ಎಂದರು ಮಿಸ್.

ಲಂಬು ತನ್ನ ಜೋಡಿ ಪೆನ್ನು ಮುಂದೆ ಚಾಚಿದ. "ಇದರಲ್ಲಿ ಬರೀರಿ ಮಿಸ್, ಬೇಗ ಮುಗಿಯುತ್ತೆ."

"ಬೇಡಪ್ಪ. ಒಂದೊಂದಾಗೇ ಬರೀತೀನಿ."

ಚೂಟಿ ಕಟ್ಟೆಯ ಮೇಲೆ ಕೂತು, ರಫ್ ಬುಕ್ಕಿನಿಂದ ಹಾಳೆ ಹರಿದು ತನ್ನ ಪೆನ್ನಿನ ಜೊತೆ ಕೊಟ್ಟಳು. ಅದನ್ನು ತೆಗೆದುಕೊಳ್ಳುವಾಗಲೂ ಮಿಸ್ ಇನ್ನೊಂದು ಕೈಯಲ್ಲಿ ತಮ್ಮ ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದೇ ಇದ್ದರು, ಆಗ ತಾನು ಹಿಡಿದಿದ್ದ ಹಾಗೆಯೇ. ಹಾಗಾದರೆ ನಿನ್ನೆ ಮಿಸ್‌ಗೆ ಉತ್ತರ ಗೊತ್ತಿಲ್ಲದೆ ಇರಲಿಲ್ಲ. ಭಯವಾಗಿತ್ತು, ಅಷ್ಟೇ. ನಿನ್ನೆಯಿಂದ ಹೊಟ್ಟೆಯಲ್ಲಿದ್ದ ಸಿಟ್ಟು ಎಲ್ಲಿ ಹೋಯಿತೆಂದು ಚೂಟಿ ಹುಡುಕಿದಳು, ಸಿಗಲಿಲ್ಲ.

"ನಿನ್ನ ವಾಕ್ಯ ಹೇಗೆ ಶುರುವಾಗುತ್ತೆ?" ಎಂದು ಮಿಸ್ ಕೇಳಿದರು.

"ಏಳೂವರೆ ಬಸ್ಸು," ಎಂದಳು ಚೂಟಿ. ಆಮೇಲೆ ಬ್ಯಾಗನ್ನು ತೊಡೆಯ ಮೇಲೆ ಎತ್ತಿಕೊಂಡು, ಮಿಸ್ ಕೂರುವಷ್ಟು ಜಾಗ ಬಿಟ್ಟು ಕಟ್ಟೆಯ ಮೇಲೆ ಪಕ್ಕಕ್ಕೆ ಸರಿದಳು.